ಎವರಿಸ್ತೊನ ಮಂಡಿನೀರು

ಸೆತೂಬಲ್ ಪಟ್ಟಣದ ಬೀದಿಬದಿಗಳಿಗೆ ಕಪ್ಪು ಬಿಳಿ ಕಲ್ಲು ಕೂರಿಸುತ್ತ ಎವರಿಸ್ತೊ ಮೂವತ್ತೊಂದು ವರ್ಷ ಮಂಡಿಯೂರಿಯೇ ದುಡಿದಿದ್ದ. ಹಾಗಾಗಿ ಬಲಮಂಡಿ ಮೇಲಿಂದ ಮೇಲೆ ಊದತೊಡಗಿದಾಗ ಯಾರೂ ಹೆಚ್ಚು ಯೋಚಿಸಲಿಲ್ಲ. "ಕಲ್ಲಿನ ಕೆಲಸ ನಿನ್ನ ಮಂಡಿ ತಿಂದುಹಾಕಿದೆ" ಎಂದು ಆಸ್ಪತ್ರೆಯವರು ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಮೇಸ್ತ್ರಿ ಅವನನ್ನು ಉಗ್ರಾಣದ ಕಾವಲಿಗೆ ಕೂರಿಸಿದ. ಬೇರೆಯವರು ಕೆಲಸಕ್ಕೆ ಕಲ್ಲು ಒಯ್ಯುವುದನ್ನು ನೋಡುತ್ತ ಅವನು ಅಲ್ಲಿ ಎರಡು ವರ್ಷ ಕಳೆದ.

ಜೂನ್ ತಿಂಗಳ ಒಂದು ಬೆಳಿಗ್ಗೆ ಮಂಡಿ ಕರಬೂಜದಷ್ಟು ದಪ್ಪವಾಗಿ, ಹೊದಿಕೆ ತಾಗಿದರೂ ಜೀವ ಹೋಗುವಂತಾಯಿತು. ಹೆಂಡತಿ ದಿಯೊಲಿಂದಾ ಟ್ಯಾಕ್ಸಿ ಮಾಡಿಕೊಂಡು ಆಸ್ಪತ್ರೆಗೆ ಕರೆತಂದಳು. ಹೊಸದಾಗಿ ಬಂದಿದ್ದ ಡಾಕ್ಟರ್ ಗ್ರಾಸಿಂದಾ ಊತವನ್ನು ಮೆಲ್ಲಗೆ ಒತ್ತಿದಳು.

"ಈ ನೀರು ತೆಗೆದು ಪರೀಕ್ಷೆ ಮಾಡಿದ್ರಾ ಯಾವಾಗ್ಲಾದ್ರೂ?"

"ಇಲ್ಲ ಡಾಕ್ಟ್ರಮ್ಮ. ಸೂಜಿ ಅಂದ್ರೆ ನಂಗೆ..."

"ದಿನಾ ಕಲ್ಲು ಒಡೀತಿದ್ದ ಗಂಡ್ಸು, ಹೇಗೆ ಬೆವರ್ತಾನೆ ನೋಡಿ!" ಎಂದಳು ದಿಯೊಲಿಂದಾ. ಆದರೂ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಜಾಗ ಒರೆಸಿ, ಮರಗಟ್ಟಿಸಿ, ಮಂಡಿಚಿಪ್ಪಿನ ಪಕ್ಕದಿಂದ ಗ್ರಾಸಿಂದಾ ಸೂಜಿ ಇಳಿಸಿದಳು. ಸಿರಿಂಜಿನೊಳಗೆ ಮಬ್ಬು ಹಳದಿ ನೀರು ಏರತೊಡಗಿತು. ಒಂದು ಸಿರಿಂಜು ತುಂಬಿತು, ಎರಡನೆಯದೂ ಅರ್ಧವಾಯಿತು. ಬಿಗಿದು ನಿಂತಿದ್ದ ಚರ್ಮ ಸಡಿಲವಾಗುತ್ತ ಬಂತು.

"ಅಯ್ಯೋ, ಮಡಚೋಕೆ ಬರ್ತಿದೆ ಕಣೇ!" ಎಂದು ಅವನು ಕೂಗಿಬಿಟ್ಟ.

ಸ್ವಲ್ಪ ಹೊತ್ತಿಗೆ ಗ್ರಾಸಿಂದಾ ಪ್ರಯೋಗಾಲಯದಿಂದ ಓಡುವಂತೆ ಬಂದಳು. "ಬನ್ನಿ ಯಜಮಾನ್ರೇ, ನೀವೇ ನೋಡಿ!" ಎಂದು ಗಾಲಿಕುರ್ಚಿ ತಳ್ಳಿಕೊಂಡು ಹೋಗಿ ಸೂಕ್ಷ್ಮದರ್ಶಕದ ಮುಂದೆ ನಿಲ್ಲಿಸಿದಳು. ಕಡುಗುಲಾಬಿ ಹಿನ್ನೆಲೆಯಲ್ಲಿ ಸೂಜಿಯಂಥ ಹರಳುಗಳು ಹಳದಿಯಾಗಿ, ನೀಲಿಯಾಗಿ ಥಳಥಳ ಹೊಳೆಯುತ್ತಿದ್ದವು.

"ಇವೆಲ್ಲ ನನ್ನ ಮಂಡಿಯೊಳಗಿದ್ವಾ?"

"ಹೌದು. ಯೂರಿಕ್ ಆಮ್ಲದ ಹರಳು, ಗೌಟ್ ಕಾಯಿಲೆ. ಎಕ್ಸ್‌ರೇ ನೋಡ್ದೆ, ಕೀಲು ಸವೆದಿಲ್ಲ. ಮೀನು, ಬಿಯರು ಬಿಟ್ಟು ಮಾತ್ರೆ ತಪ್ಪದೆ ತಗೊಂಡ್ರೆ ಇವು ಕರಗ್ತವೆ."

"ಹಾಗಾದ್ರೆ ಕಲ್ಲು ಹಾಕ್ಬಹುದಾ?"

"ಊತ ಪೂರ್ತಿ ಇಳೀಲಿ, ಆಮೇಲೆ ಧಾರಾಳವಾಗಿ ಹಾಕಿ!"

ಎವರಿಸ್ತೊ ಹೆಂಡತಿಯನ್ನು ಬಾಚಿ ತಬ್ಬಿಕೊಂಡ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

"ಬಿಡೋ, ಜನ ನೋಡ್ತಿದಾರೆ! ಇನ್ಮೇಲೆ ಸುಟ್ಟ ಬೂತಾಯಿ ಮೀನೂ ಇಲ್ಲ, ಬಿಯರೂ ಇಲ್ಲ, ತಿಳ್ಕೋ."

"ನೀನು ಬರೀ ಎಲೆಕೋಸಿನ ಸಾರು ಕೊಡು, ಕುಡೀತೀನಿ!"

ಮುಂದಿನ ಏಪ್ರಿಲ್‌ನಲ್ಲಿ ಮೀನು ಮಾರುಕಟ್ಟೆಯ ಎದುರು ಅಲೆಯ ಚಿತ್ತಾರ ಹಾಕುವ ಕೆಲಸ ಬಂತು. ಎವರಿಸ್ತೊ ಮೆತ್ತೆಯ ಮೇಲೆ ಮಂಡಿಯೂರಿದ. ಮಧ್ಯಾಹ್ನ ಉಳಿದವರೆಲ್ಲ ಕೈ ತೊಳೆದು ಹೊರಟರೂ ಏಳಲಿಲ್ಲ.

"ಊಟಕ್ಕೆ ಬಾರಯ್ಯಾ!" ಎಂದು ಮೇಸ್ತ್ರಿ ಗದರಿದ.

"ನೀವು ಶುರು ಮಾಡಿ," ಎಂದ ಎವರಿಸ್ತೊ, ಬಿಳಿಕಲ್ಲೊಂದನ್ನು ಅಂಗೈಯಲ್ಲಿ ತಿರುಗಿಸುತ್ತ. "ಈ ಅಲೆ ಮುಗೀಲಿ."