ಹಿಂದಿನ ಬೆಂಚಿನ ಮಗಳು

ಹಲ್ಲು ಮಿಸ್ ಬಂದರೆಂದರೆ ಮಕ್ಕಳಿಗೆ ಲೆಕ್ಕದ ಪಾಠ ತಪ್ಪಿದ ಖುಷಿ. ದಂತ ಆಸ್ಪತ್ರೆಯ ಕಡೆಯಿಂದ ಶಾಲೆ ಶಾಲೆ ಸುತ್ತಿ ಹಲ್ಲುಜ್ಜುವುದನ್ನು ಕಲಿಸುವುದೇ ಆಕೆಯ ಕೆಲಸ. ಹೆಗಲ ಮೇಲಿನ ಚೀಲದಲ್ಲಿ ಬುಟ್ಟಿಯಷ್ಟು ದೊಡ್ಡ ಪ್ಲಾಸ್ಟರ್ ದವಡೆ, ಪೊರಕೆಯಷ್ಟುದ್ದದ ಬ್ರಷ್ಷು. ದವಡೆಯನ್ನು ಮೇಜಿನ ಮೇಲೆ ತೆರೆದಿಟ್ಟು, "ಇವರು ನಿಮ್ಮ ಹೆಡ್‌ಮಾಸ್ಟರ ದೊಡ್ಡಪ್ಪ. ಹಲ್ಲುಜ್ಜೋಕೆ ಸೋಮಾರಿತನ. ಯಾರು ಉಜ್ಜಿಕೊಡ್ತೀರಾ?" ಎಂದರೆ ಸಾಕು, ಇಡೀ ತರಗತಿ ಎದ್ದು ನಿಲ್ಲುತ್ತಿತ್ತು. ಮಕ್ಕಳನ್ನು ನಗಿಸುವುದರಲ್ಲಿ ಆಕೆಯದು ಎತ್ತಿದ ಕೈ.

ಎಲ್ಲರೂ ನಕ್ಕು ಸುಸ್ತಾದ ಮೇಲೆ ಒಂದು ಚಿತ್ರ ಹೊರಬರುತ್ತಿತ್ತು. ಮುಂದಿನ ಹಲ್ಲುಗಳೆಲ್ಲ ಕರಟಿ ಮೋಟಾಗಿರುವ ಮಗುವಿನ ಬಾಯಿ. "ಅಮ್ಮ ಸರಿಯಾಗಿ ನೋಡಿಕೊಳ್ಳದೆ ಇದ್ರೆ ಹಲ್ಲು ಹೀಗಾಗುತ್ತೆ" ಎನ್ನುತ್ತಿದ್ದಳು. ಮಕ್ಕಳು ಮುಖ ಕಿವುಚುತ್ತಿದ್ದರು.

ಅಂಥದೇ ಬಾಯಿ ಆಕೆಯ ಮನೆಯಲ್ಲಿತ್ತು.

ಬೆಳಗಿನ ಬಸ್ಸಿಗೆ ಹೊರಟರೆ ಮನೆ ಸೇರುವಷ್ಟರಲ್ಲಿ ದೀಪ ಹಚ್ಚಿಯಾಗಿರುತ್ತಿತ್ತು. ಮಗಳು ಪುಟ್ಟಿಯನ್ನು ಸಾಕಿದವರು ಅತ್ತೆ. ಸಕ್ಕರೆ ಬೆರೆಸಿದ ಹಾಲಿನ ಬಾಟಲಿ ಬಾಯಲ್ಲಿದ್ದರೆ ಮಾತ್ರ ಆ ಮಗುವಿಗೆ ನಿದ್ದೆ. "ಅತ್ತೆ, ಬಾಟಲಿ ಇಟ್ಟು ಮಲಗಿಸಬೇಡಿ, ಹಲ್ಲು ಹಾಳಾಗುತ್ತೆ" ಎಂದು ಒಮ್ಮೆ ಹೇಳಿ ನೋಡಿದಳು.

"ಹಾಲುಹಲ್ಲು ತಾನೆ? ಬಿದ್ದುಹೋಗೋದಕ್ಕೆ ಇಷ್ಟೊಂದು ಉಪಚಾರವಾ? ಅತ್ತು ಅತ್ತು ಮನೆ ತಲೆ ಮೇಲೆ ಹೊತ್ಕೊಂಡಾಗ ನೀನೇ ಬಂದು ಮಲಗಿಸು" ಎಂದರು ಅತ್ತೆ.

ಆಕೆ ಬಾಯಿ ಮುಚ್ಚಿಕೊಂಡಳು. ಅತ್ತೆ ಮುನಿಸಿಕೊಂಡರೆ ಕೆಲಸಕ್ಕೇ ಕಲ್ಲು ಬೀಳುತ್ತಿತ್ತು. ನಿಜ ಹೇಳಬೇಕೆಂದರೆ, ದಣಿದು ಬಂದ ಎಷ್ಟೋ ಸಂಜೆ ಅದೇ ಬಾಟಲಿಗೆ ಆಕೆಯೇ ಸಕ್ಕರೆ ಹಾಕಿ ಕಲಕಿದ್ದೂ ಉಂಟು. ಪುಟ್ಟಿ ಶಾಲೆಗೆ ಸೇರುವ ಹೊತ್ತಿಗೆ ಮುಂದಿನ ಹಲ್ಲುಗಳು ಕಪ್ಪು ಮೋಟುಗಳಾಗಿದ್ದವು. ತನ್ನ ಆಸ್ಪತ್ರೆಗೇ ಕರೆದೊಯ್ಯಬಹುದಿತ್ತು. ಆದರೆ ಡಾಕ್ಟರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲುವುದು? ಇನ್ನೊಂದು ತಿಂಗಳು, ಮತ್ತೊಂದು ತಿಂಗಳು ಎಂದು ಮುಂದೂಡುತ್ತಲೇ ಬಂದಳು.

ಅಷ್ಟರಲ್ಲಿ ಪುಟ್ಟಿಯ ಶಾಲೆಯ ಸರದಿಯೂ ಬಂತು. ಅಂದು ಬೆಳಿಗ್ಗೆ ಜಡೆ ಹಾಕುತ್ತಾ ಆಕೆ ಮೆಲ್ಲಗೆ ಹೇಳಿದಳು: "ಇವತ್ತು ನಿಮ್ಮ ಕ್ಲಾಸಿಗೆ ನಾನೇ ಬರ್ತೀನಿ, ಪುಟ್ಟಿ. ಹಿಂದಿನ ಬೆಂಚಲ್ಲಿ ಕೂತ್ಕೋ. ನಾನು ನಿನ್ನಮ್ಮ ಅಂತ ಯಾರಿಗೂ ಹೇಳ್ಬೇಡ."

"ಯಾಕಮ್ಮ?"

"ಸುಮ್ನೆ. ಆಮೇಲೆ... ನಗ್ಬೇಡ ಕಣೇ. ನಗು ಬಂದ್ರೆ ಬಾಯಿಗೆ ಕೈ ಅಡ್ಡ ಇಟ್ಕೋ."

ಪುಟ್ಟಿ ತಲೆಯಾಡಿಸಿದಳು. ಹೇಳಿದ ಮಾತು ಮೀರುವ ಮಗುವಲ್ಲ ಅದು.

ತರಗತಿಯಲ್ಲಿ ಹೆಡ್‌ಮಾಸ್ಟರ ದೊಡ್ಡಪ್ಪ ಬಾಯಿ ತೆರೆದ ಕೂಡಲೇ ಮಕ್ಕಳು ಬಿದ್ದು ಬಿದ್ದು ನಕ್ಕರು. ಹಿಂದಿನ ಬೆಂಚಿನಲ್ಲಿ ಪುಟ್ಟಿ ಎರಡೂ ಅಂಗೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಕಣ್ಣು ಮಾತ್ರ ನಗುತ್ತಿತ್ತು. ಚಿತ್ರ ತೆಗೆದು ಅದೇ ಹಳೆಯ ಮಾತು ಹೇಳುವ ಮುನ್ನ ಆಕೆ ಹಿಂದಿನ ಬೆಂಚಿನತ್ತ ಒಮ್ಮೆ ನೋಡಿದಳು. ಆದರೂ ಹೇಳಿದಳು. ಕೊನೆಗೆ, "ಯಾರಿಗೆ ಹಲ್ಲು ನೋವಿದೆ? ಕೈ ಎತ್ತಿ" ಎಂದಾಗ ಅಲ್ಲೊಂದು ಇಲ್ಲೊಂದು ಕೈ ಮೇಲೆದ್ದಿತು. ಹಿಂದೆ ಪುಟ್ಟಿಯ ಕೈಯೂ ಕಿವಿಯವರೆಗೆ ಬಂತು. ಅಮ್ಮನ ಕಣ್ಣಿಗೆ ಕಣ್ಣು ಕೂಡಿತು. ಕೈ ಹಾಗೇ ಇಳಿದುಹೋಯಿತು.

ಆಕೆ ಅದನ್ನು ನೋಡಿದಳು. ನೋಡಿಯೂ ದವಡೆ ಮುಚ್ಚಿ ಚೀಲಕ್ಕೆ ತುಂಬಿದಳು.

ಆ ವಾರವೇ ಪುಟ್ಟಿಯ ಕೆನ್ನೆ ಊದಿಕೊಂಡಿತು. ಜ್ವರ ಏರಿ ಮಗು ಕನವರಿಸತೊಡಗಿದಾಗ ಮಾನ ಮರ್ಯಾದೆ ಎಲ್ಲ ಮರೆತು ತನ್ನ ಆಸ್ಪತ್ರೆಗೇ ಎತ್ತಿಕೊಂಡು ಓಡಿದಳು. ಡಾಕ್ಟರು ಕೀವು ತೆಗೆದು, ಹುಳುಕು ದವಡೆಹಲ್ಲನ್ನು ಕಿತ್ತರು. ಆಕೆ ಹೆದರಿದ್ದ ಮಾತನ್ನು ಅವರು ಆಡಲೇ ಇಲ್ಲ. "ತುಂಬಾ ದಿನದಿಂದ ನೋಯ್ತಿತ್ತೇನಮ್ಮಾ? ಅಮ್ಮನಿಗೆ ಹೇಳೋದಲ್ವಾ?" ಎಂದು ಮಗುವನ್ನು ಕೇಳಿದರು, ಅಷ್ಟೆ.

"ಹೇಳ್ಬಾರ್ದು ಅಂದ್ಕೊಂಡೆ" ಎಂದಳು ಪುಟ್ಟಿ.

ಮರುದಿನವೇ ಆಕೆ ಆ ಚಿತ್ರವನ್ನು ಹರಿದು ಎಸೆದಳು. ಅಂದಿನಿಂದ ಯಾವ ಶಾಲೆಯಲ್ಲೂ ಅಮ್ಮಂದಿರ ಸುದ್ದಿ ಎತ್ತಲಿಲ್ಲ. "ನನ್ನ ಮಗಳ ಹಲ್ಲೂ ಹುಳುಕಾಗಿತ್ತು. ನೋವಾದ್ರೆ ಹೇಳ್ಬಿಡಿ, ಯಾರೂ ಬೈಯಲ್ಲ" ಎಂದೇ ಪಾಠ ಶುರುಮಾಡುತ್ತಿದ್ದಳು. ಕೈ ಎತ್ತುವ ಮಕ್ಕಳು ಹೆಚ್ಚಿದರು. ಆಸ್ಪತ್ರೆಯವರು ಮೆಚ್ಚಿದರು. ಆ ಮೆಚ್ಚುಗೆ ಮಾತ್ರ ಆಕೆಗೆ ಯಾವತ್ತೂ ಮೈಗೆ ಹತ್ತಲಿಲ್ಲ.

ಪುಟ್ಟಿಗೆ ಹೊಸ ಹಲ್ಲು ಬಂದವು. ಜೋಡಿಸಿಟ್ಟಂತೆ ಬೆಳ್ಳಗೆ, ಗಟ್ಟಿಯಾಗಿ. ಬಾಯಿಗೆ ಅಡ್ಡ ಬಂದ ಕೈ ಮಾತ್ರ ಇಳಿಯಲೇ ಇಲ್ಲ. ಗೆಳತಿಯರ ಜೊತೆ ಹರಟುವಾಗ, ತನ್ನ ಮದುವೆಯ ದಿನ, ಫೋಟೋದವನು "ಸ್ವಲ್ಪ ನಗೀಮ್ಮ" ಎಂದಾಗಲೂ ಅದೇ ಕೈ.

ಕೆಲಸದಿಂದ ನಿವೃತ್ತಳಾದ ಮೇಲೆ ಒಂದು ಮಧ್ಯಾಹ್ನ, ಮಗಳ ಮನೆಯಲ್ಲಿ ಒಗೆದ ಬಟ್ಟೆ ಮಡಚುತ್ತಾ ಆಕೆ ಕೇಳಿಯೇಬಿಟ್ಟಳು. "ಅವತ್ತು ನಿಮ್ಮ ಕ್ಲಾಸಿಗೆ ಬಂದಾಗ... ನಗ್ಬೇಡ ಅಂತ ನಾನು ಹೇಳ್ಬಾರ್ದಿತ್ತು, ಪುಟ್ಟಿ. ನೆನಪಿದೆಯಾ?"

"ಯಾವತ್ತು?" ಎಂದಳು ಪುಟ್ಟಿ, ಟವೆಲಿನ ತುದಿ ಹುಡುಕುತ್ತಾ. "ದೊಡ್ಡಪ್ಪನ ದವಡೆ ನೆನಪಿದೆ. ಎಲ್ಲರಿಗೂ ಕೂಗಿ ಹೇಳ್ಬೇಕು ಅನ್ನಿಸ್ತಿತ್ತಮ್ಮ, ಹಲ್ಲು ಮಿಸ್ ನಮ್ಮಮ್ಮ ಅಂತ."

ಆಕೆ ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಚತೊಡಗಿದಳು.