ಕೆಂಪು ಕೋಟಿನವರ ನಿಂಬೆ ಶರಬತ್ತು

ಕೊರೊನಾ ಕಳೆದ ಮೇಲೆ ಅಮೆರಿಕಕ್ಕೆ, ವರ್ಜೀನಿಯಾದ ಆಲ್ಡಿ ಎಂಬ ಊರಿಗೆ ಬಂದೆವು. ಮೊದಲ ಬೇಸಿಗೆಯಲ್ಲೇ, ಪಾರ್ಕಿನಲ್ಲಿ ಕೆಂಪು ಕೋಟಿನ ಇಂಗ್ಲಿಷ್ ಸಿಪಾಯಿಯೊಬ್ಬರು ಬಂದೂಕು ಹೆಗಲಿಗೇರಿಸಿಕೊಂಡು ನನಗೆ ನಿಂಬೆ ಶರಬತ್ತು ಕೊಟ್ಟರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಶ್ರೀರಂಗಪಟ್ಟಣದಲ್ಲಿ ಎಂಟು ವರ್ಷ ಗೈಡ್ ಆಗಿದ್ದವಳು ನಾನು. ಈ ಕೋಟಿನವರು ಕೋಟೆ ಒಡೆದು ನುಗ್ಗಿದ ಕಥೆ ಹೇಳಿಯೇ ಅನ್ನ ತಿಂದವಳು.

ಸಿಪಾಯಿಯ ಹೆಸರು ವಾಲ್ಟರ್, ನಿವೃತ್ತ ಮೇಷ್ಟ್ರು. ಇಂಗ್ಲಿಷರೂ ಫ್ರೆಂಚರೂ ಈ ನೆಲಕ್ಕಾಗಿ ಕಾದಾಡಿದ್ದನ್ನು ಶನಿವಾರಗಳಂದು ಗೆಳೆಯರೊಡನೆ ವೇಷ ಹಾಕಿ ತೋರಿಸುತ್ತಾರೆ. ಇಲ್ಲಿಯವರು ಅದನ್ನು ರೀಎನಾಕ್ಟ್‌ಮೆಂಟ್ ಅನ್ನುತ್ತಾರೆ. ನಮ್ಮ ಬಯಲಾಟವೇ, ಹಾಡಿಲ್ಲ ಅಷ್ಟೆ.

“ಅದೇ ಇಬ್ಬರು ನಮ್ಮೂರಿಗೂ ಬಂದಿದ್ದರು. ಫ್ರೆಂಚರು ನಮ್ಮ ಸುಲ್ತಾನರ ಕಡೆ” ಎಂದೆ, ನನ್ನ ಇಂಗ್ಲಿಷಿನಲ್ಲಿ.

“ಗೆದ್ದವರು ಯಾರು?”

“ನೀವೇ.”

ವಾಲ್ಟರ್ ತಮ್ಮ ಕೋಟನ್ನೊಮ್ಮೆ ನೋಡಿಕೊಂಡು “ಕ್ಷಮಿಸಿ” ಎಂದರು. ಮುಂದಿನ ಶನಿವಾರ ನಾನೇ ಬಂದು ಆ ಕಥೆಯನ್ನು ಎಲ್ಲರಿಗೂ ಹೇಳಬೇಕೆಂದರು.

ಗಂಡನ ವೀಸಾಕ್ಕೆ ಜೋತುಬಿದ್ದ ನನ್ನ ವೀಸಾದಲ್ಲಿ ದುಡಿಯುವಂತಿಲ್ಲ. ಊರಿಗೆ ಹೋದರೆ ಮರಳಿ ಬರಲು ಬೇಕಾದ ವೀಸಾ ಸ್ಟ್ಯಾಂಪಿಂಗ್ ಸಿಗದೆ ಅಲ್ಲೇ ಉಳಿದೇವೆಂಬ ಭಯಕ್ಕೆ, ಬಂದು ಈಗ ಮೂರು ವರ್ಷವಾದರೂ ಒಮ್ಮೆಯೂ ಹೋಗಿಲ್ಲ. ಅಲ್ಲಿ ಕೋಟೆಯ ಕಲ್ಲಿಗೆ ಒರಗಿ ನಿಲ್ಲುತ್ತಿದ್ದೆ. ಇಲ್ಲಿ ಹೊಸ ಮನೆಯ ಗೋಡೆ ತಟ್ಟಿದರೆ ಡಬ್ಬದ ಸದ್ದು. ಹೇಳದೆ ಹೇಳದೆ ಕಥೆಯೇ ಮರೆತುಹೋದರೆ ನಾನು ಯಾರು ಎಂದು ಹೆದರಿ, ಪಾತ್ರೆ ತೊಳೆಯುತ್ತ ಒಬ್ಬಳೇ ಒಪ್ಪಿಸಿಕೊಳ್ಳುತ್ತಿದ್ದೆ.

“ಸಂಬಳ ಇಲ್ದೆ ವಾಲಂಟಿಯರ್ ಮಾಡ್ಬೋದು ಕಣೇ, ಹೋಗು” ಎಂದರು ಗಂಡ.

ಶನಿವಾರ ಇಪ್ಪತ್ತು ಜನ ಸೇರಿದ್ದರು. ಶುರುವಿನಲ್ಲಿ ತಡವರಿಸಿದೆ. ಆಮೇಲೆ ಹಳೆಯ ದನಿ ತಾನಾಗಿಯೇ ಬಂತು. “ಮೇ ತಿಂಗಳು. ಕಾವೇರಿಯಲ್ಲಿ ಮೊಣಕಾಲುದ್ದ ನೀರು. ಅಗೋ, ಅಲ್ಲಿಂದ ದಾಟಿ ಬಂದರು” ಎನ್ನುತ್ತ ಅಭ್ಯಾಸಬಲದಿಂದ ಎಡಕ್ಕೆ ಕೈ ಚಾಚಿದೆ. ಇಪ್ಪತ್ತು ತಲೆಗಳೂ ಅತ್ತ ತಿರುಗಿದವು.

“ಅಮ್ಮ, ಅದು ಪಾರ್ಕಿಂಗ್ ಲಾಟ್” ಎಂದಳು ಒಂಬತ್ತು ವರ್ಷದ ಮಗಳು, ಮೆಲ್ಲಗೆ. “ರಿವರ್ ಇಲ್ಲ ಅಲ್ಲಿ.”

“ಗೊತ್ತು ಪುಟ್ಟಿ” ಎಂದೆ. ಊರ ನೆನಪು ಉಕ್ಕಿ ಬಂತು. ಆದರೂ ಕಥೆ ಮುಗಿಸಿದೆ, ಒಂದು ಮಾತೂ ಮರೆತಿರಲಿಲ್ಲ.

ಈಗ ಪ್ರತಿ ಶನಿವಾರ ನನ್ನ ಸರದಿಗೆ ಮೊದಲು ವಾಲ್ಟರ್ ಆ ಮೂಲೆಯಲ್ಲಿ ಯಾರೂ ಕಾರು ನಿಲ್ಲಿಸದಂತೆ ನೋಡಿಕೊಳ್ಳುತ್ತಾರೆ. ಆ ಖಾಲಿ ಜಾಗಕ್ಕೆ ಕೈ ತೋರಿಸಿ ಕಾವೇರಿ ಎನ್ನುತ್ತೇನೆ. ಇಡೀ ದಂಡು ದಾಟಿದ ಮೊಣಕಾಲುದ್ದ ನೀರು. ನನಗೆ ಮಾತ್ರ ಮೂರು ವರ್ಷದಿಂದ ದಾಟಲಾಗಿಲ್ಲ.