ಮುಳ್ಳು ಸರಿಸಿ ತೆಗೆದ ಫೋಟೋ

ಬಳ್ಳಾರಿಯ ನಮ್ಮ ಮನೆಯ ಬಚ್ಚಲ ಗೋಡೆಯಿಂದ ಸುಣ್ಣ ಉದುರತೊಡಗಿ ಬಹಳ ಕಾಲವಾಯಿತು. ಅದನ್ನು ಕಂಡರೆ ನನಗೆ ಸಿಟ್ಟು. ಮೇಸ್ತ್ರಿಯನ್ನು ಕರೆಯೆಂದರೆ ಸೋಮಾರಿತನ. ಅದೇ ಸುಣ್ಣ ಸಿರುಗುಪ್ಪದ ಯಾವುದೋ ಮುಚ್ಚಿದ ಅಕ್ಕಿ ಗಿರಣಿಯ ಗೋಡೆಯಿಂದ ಉದುರಿತೆನ್ನಿ, ಆಹಾ, ಭಾನುವಾರದ ನಿದ್ದೆಯನ್ನೂ ಬಿಟ್ಟು ಫೋಟೋ ತೆಗೆಯಲು ಕಾರು ಹತ್ತುತ್ತೇನೆ. "ಮಂದಿ ಮನಿ ಗ್ವಾಡಿ ಬಿದ್ರ ಕಲಾ, ನಮ್ಮನಿದು ಬಿದ್ರ ಖರ್ಚು, ಹೌದಲ್ರಿ?" ಎನ್ನುತ್ತಾಳೆ ನನ್ನಾಕೆ. ಕೇಳಿಸದವನಂತೆ ಗಾಡಿ ಚಾಲೂ ಮಾಡುತ್ತೇನೆ.

ಪಾಳುಬಿದ್ದದ್ದರ ಮುಂದೆ ನಿಂತಾಗ ನಾವೆಲ್ಲ ತುಸು ವೇದಾಂತಿಗಳಾಗುತ್ತೇವೆ, ಮಿತ್ರರೇ. ಒಂಟಿ ಚಪ್ಪಲಿ ಸಿಕ್ಕರೆ ಸಾಕು, ಅದರ ಒಡೆಯನನ್ನು ನಾವೇ ಊರು ಬಿಡಿಸಿ, ನಾವೇ ಮರುಗಿ, ಕೆಳಗೆರಡು ಸಾಲು ಬರೆದು ಶಹಬಾಸ್‌ಗಿರಿ ಪಡೆಯುತ್ತೇವೆ. ಆ ಪುಣ್ಯಾತ್ಮ ಪಕ್ಕದ ಓಣಿಯಲ್ಲೇ ಹೊಸ ಚಪ್ಪಲಿ ಮೆಟ್ಟಿಕೊಂಡು ಚಹಾ ಕುಡಿಯುತ್ತಿರಬಹುದೆಂಬ ಅನುಮಾನ ನಮಗೆ ಬರುವುದೇ ಇಲ್ಲ.

ಹೋದ ಚಳಿಗಾಲದಲ್ಲಿ ಕುರುಗೋಡು ದಾಟಿ ಬಾದನಹಟ್ಟಿಯ ಕಡೆ ಹೊರಟಿದ್ದೆ. ದಾರಿ ಬದಿಗೊಂದು ಮಾಳಿಗೆ ಮನೆ. ಅಂಗಳದ ತುಂಬ ಒಣಗಿದ ಎಲೆ, ಬಾಗಿಲಿಗೆ ಅಡ್ಡವಾಗಿ ಜಾಲಿಮುಳ್ಳಿನ ಕೊಂಬೆ. ಎಂಥ ಚೆಲುವಾದ ಅನಾಥಭಾವವೆಂದು ಹಿಗ್ಗಿ, ಮುಳ್ಳು ಸರಿಸಿ ಒಳಹೊಕ್ಕು, ತಣ್ಣಗಾದ ಒಲೆ, ಉಪ್ಪಿನಕಾಯಿ ಜಾಡಿ, ಬಟ್ಟೆ ಹಾಕುವ ಗಳುವಿನ ಮೇಲಿನ ಸೀರೆ ಎಲ್ಲವನ್ನೂ ಮೊಬೈಲಿಗೆ ತುಂಬಿಕೊಂಡೆ.

ಹೊರಗೆ ಬಂದರೆ, ಎದುರಿನ ದನದ ಕೊಟ್ಟಿಗೆಯ ಮುಂದೆ ಆ ಮನೆಯ ಯಜಮಾನಿ ಈರಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ಮುಳ್ಳ ಹಚ್ಚಿದ್ದು ಕಾಣ್ಲಿಲ್ಲೇನ್ರಿ? ನಮ್ಮತ್ತಿ ಕೆಟ್ಟ ನಕ್ಷತ್ರದಾಗ ಹೋದ್ಳಂತ ಮನಿ ಬಿಟ್ಟೀವಿ. ಬರೋ ಸೋಮಾರ ಗಡುವು ಮುಗೀತೈತಿ. ನಡುವ ಯಾರರ ಕಾಲಿಟ್ರ ಮತ್ತ ಮೊದ್ಲಿಂದ ಹೊರಗಿರಬೇಕಂತ ಅಯ್ಯನೋರು ಹೇಳ್ಯಾರ. ಬಸುರಿ ಮಗಳ್ನ ಇನ್ನೆಷ್ಟ ದಿನ ದನದ ಜೋಡಿ ಮಲಗಿಸ್ಲಿ?"

ಅಯ್ಯೋ ಶಿವನೇ! ಈ ಸೀಮೆಯಲ್ಲೇ ಹುಟ್ಟಿ ಬೆಳೆದವನಿಗೆ ಬಾಗಿಲ ಮುಳ್ಳಿನ ಅರ್ಥ ಗೊತ್ತಿಲ್ಲವೇ? ಗೊತ್ತಿತ್ತು. ಮೊಬೈಲನ್ನು ಕಣ್ಣಿಗೆ ಹಿಡಿದ ಮೇಲೆ ಮುಳ್ಳೂ ಅಲಂಕಾರವಾಗಿ ಕಂಡಿತ್ತು, ಅಷ್ಟೇ. ನಾಚಿ ಕೈಮುಗಿದೆ.

ಈರಮ್ಮ ಅತ್ತಿತ್ತ ನೋಡಿದರು. ದಾರಿಯಲ್ಲಿ ಯಾರೂ ಇರಲಿಲ್ಲ. "ನೀವು ಒಳಗ ಹೋಗಿಲ್ಲ, ನಾ ನೋಡಿಲ್ಲ. ಆ ಫೋಟೋ ಅಷ್ಟೂ ಅಳಸ್ರಿ, ನನ್ನ ಮುಂದ."

ಅಳಿಸಲು ಕೂತೆವು. ಆದರೆ ತಿಂಗಳುಗಟ್ಟಲೆ ತನ್ನ ಮನೆಯನ್ನು ಹೊರಗಿನಿಂದಷ್ಟೇ ಕಂಡ ಜೀವ ಸುಮ್ಮನಿರುವುದುಂಟೇ? "ತಡೀರಿ, ಒಲಿ ದೊಡ್ಡದು ಮಾಡ್ರಿ. ಅಯ್ಯ, ಇಲಿ ಬಿಲ ತೋಡ್ಯಾವ ನೋಡ್ರಿ! ಜಾಡಿ ಮುಚ್ಚಳ ಸರಿ ಐತೇನ್ರಿ?" ನಾನು ವೈರಾಗ್ಯವೆಂದು ತೆಗೆದದ್ದರಲ್ಲೆಲ್ಲ ಆಕೆಗೆ ಸೋಮವಾರದ ಕೆಲಸ ಕಾಣುತ್ತಿತ್ತು.

ಕೊನೆಗೆ ಉಳಿದದ್ದು ಗಳುವಿನ ಮೇಲಿನ ಹಸಿರು ಸೀರೆ. ಅಳಿಸಹೋದ ನನ್ನ ಕೈಯನ್ನು ಆಕೆ ತಡೆದರು.

"ನಮ್ಮತ್ತಿದು. ಹೋದ ದಿನ ಮುಂಜಾನಿ ಆಕೀನ ಒಗದು ಹಾಕಿದ್ಳು. ಜಗಳ ಆಡದ ದಿನ ಇಲ್ರಿ ನಾವಿಬ್ರೂ." ಮೂಗು ಒರೆಸಿಕೊಂಡರು. "ಸೋಮಾರ ಬಾಗಿಲ ತೆಗದ ಕೂಡ್ಲೆ ಆ ಸೀರಿ ಹೊಳ್ಯಾಗ ಬಿಡ್ತಾರ. ಇದೊಂದು ನನ್ನ ಫೋನಿಗಿ ಕಳಸ್ರಿ."

ಕಳಿಸಿದೆ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಫೋನು ತೆಗೆದು, ಸೀರೆ ಬಂದಿದೆಯೆಂದು ಖಾತ್ರಿ ಮಾಡಿಕೊಂಡು, ನನ್ನ ಮೊಬೈಲಿನಲ್ಲಿದ್ದುದನ್ನು ಈರಮ್ಮ ತಾವೇ ಅಳಿಸಿದರು.